ವೇರಿಯಬಲ್ ಎನ್‌ಡಿ ಹಾಕಿದರೆ 24 ಎಂಎಂನಲ್ಲಿ ಕತ್ತರಿ ಆಕಾರದ ಕಪ್ಪು ನೆರಳು: ದೋಷ ಫಿಲ್ಟರಿನದೇ, ಬಳಕೆಯದೇ?

ಚಿಂಚವಾಡ_25

ಫುಲ್ ಫ್ರೇಮ್ ಮಿರರ್‌ಲೆಸ್ ಕ್ಯಾಮೆರಾ, 24-105 ಎಫ್ 4 ಲೆನ್ಸ್, 77 ಎಂಎಂ ತ್ರೆಡ್. ಉಂಗುರ ತಿರುಗಿಸಿ ಬೆಳಕನ್ನು ಬೇಕಾದಷ್ಟು ತಗ್ಗಿಸುವ ವೇರಿಯಬಲ್ ಎನ್‌ಡಿ ಫಿಲ್ಟರ್ ಹಾಕಿದ್ದೇನೆ, ಅದರ ಮೇಲೆ 2ರಿಂದ 9 ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕಿಳಿಯುವುದು) ಎಂದು ಬರೆದಿದೆ. ಉಂಗುರ ಎಲ್ಲೂ ತಡೆಯಿಲ್ಲದೆ ಸುತ್ತ ತಿರುಗುತ್ತದೆ. ಜಾಗ ಗೋವಾದ ಪಾಲೋಲೆಂ ಕಡಲತೀರ, ನಡುಮಧ್ಯಾಹ್ನದ ಬಿಸಿಲು. ವಿಡಿಯೋ 25 ಫ್ರೇಮ್, ಶಟರ್ 1/50, ಲಾಗ್ ಪ್ರೊಫೈಲ್ (ಆಮೇಲೆ ಬಣ್ಣ ತಿದ್ದಲೆಂದು ಚಿತ್ರವನ್ನು ಸಪ್ಪೆಯಾಗಿ ದಾಖಲಿಸುವ ವಿಧಾನ), ಐಎಸ್‌ಒ 800, ಎಫ್ 4.

24 ಎಂಎಂನಲ್ಲಿ ಚಿತ್ರದ ಮೇಲೆ ಮೂಲೆಯಿಂದ ಮೂಲೆಗೆ ಕತ್ತರಿಯಂಥ ಕಪ್ಪು ನೆರಳು ಬೀಳುತ್ತದೆ, 70 ದಾಟಿದರೆ ಮಾಯ. ಕಪ್ಪು ಬಟ್ಟೆ ಕಂದುಗೆಂಪಾಗಿ ಕಾಣುತ್ತದೆ. ಇದೇ ಫಿಲ್ಟರಿನಲ್ಲಿ ಮಳೆಗಾಲದ ಜಲಪಾತವನ್ನು ಹಾಲಿನ ಹಾಗೆ ತೆಗೆಯಬಹುದೇ, ಅದಕ್ಕೆ ಬೇರೆಯದೇ ಬೇಕೇ? ತಿಳಿದವರು ಹೇಳಿ.

ಮಾಟುಂಗಾ_ಗಾಜು

ಫಿಲ್ಟರ್ ಕೆಟ್ಟಿಲ್ಲ. ಅದರ ಅಳವು ಮೀರಿ ತಿರುಗಿಸಿದ್ದೀರಿ, ಅದೂ ಅಗಲದ ಲೆನ್ಸಿನಲ್ಲಿ.

ವೇರಿಯಬಲ್ ಎನ್‌ಡಿಯ ಒಳಗಿರುವುದು ಎರಡು ಪೋಲರೈಸರ್, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಒಳಗೆ ಬಿಡುವ ಹಾಳೆ. ಹಿಂದಿನದು ಲೆನ್ಸಿನ ತ್ರೆಡ್ಡಿಗೆ ಬಿಗಿದುಕೊಂಡು ನಿಲ್ಲುತ್ತದೆ, ಮುಂದಿನದು ಉಂಗುರದ ಜೊತೆ ತಿರುಗುತ್ತದೆ. ಪಿಯುಸಿ ಭೌತಶಾಸ್ತ್ರದಲ್ಲಿ ಬರುವ ಮಾಲಸ್ ನಿಯಮವೇ ಇಲ್ಲಿ ಕೆಲಸ ಮಾಡುವುದು: ಎರಡರ ನಡುವಿನ ಕೋನದ ಕೊಸೈನ್ ವರ್ಗದಷ್ಟು ಬೆಳಕು ಮಾತ್ರ ದಾಟುತ್ತದೆ. ಮೊದಲ ಪೋಲರೈಸರ್ ದಾಟುವಾಗಲೇ ಅರ್ಧ ಬೆಳಕು ಹೋಗುವುದರಿಂದ ಕನಿಷ್ಠ 1 ಸ್ಟಾಪ್ ಕಡ್ಡಾಯ. ನಿಜವಾದ ಗಾಜಿನಲ್ಲಿ ಅದು ಒಂದೂವರೆ ಎರಡಕ್ಕೆ ಬಂದು ನಿಲ್ಲುತ್ತದೆ.

ಈಗ ಕೋನದ ಲೆಕ್ಕ ನೋಡಿ. ಎರಡೂ ಒಂದೇ ದಿಕ್ಕಿನಲ್ಲಿದ್ದಾಗ ಸೊನ್ನೆ ಎಂದಿಟ್ಟುಕೊಳ್ಳಿ. 45 ಡಿಗ್ರಿ ತಿರುಗಿಸಿದರೆ 1 ಸ್ಟಾಪ್ ಹೆಚ್ಚುವರಿ ಕಪ್ಪು. 60ಕ್ಕೆ 2. ಸುಮಾರು 69ಕ್ಕೆ 3, 75.5ಕ್ಕೆ 4, 80ರ ಹತ್ತಿರ 5, 83ರ ಹತ್ತಿರ 6, 85ಕ್ಕೆ 7. ಮೊದಲ ಸ್ಟಾಪಿಗೆ 45 ಡಿಗ್ರಿ ಬೇಕಾದರೆ ಏಳನೆಯದಕ್ಕೆ ಎರಡೇ ಎರಡು ಡಿಗ್ರಿ. ಉಂಗುರ ಕೂದಲೆಳೆ ಅಲುಗಿದರೂ ಎಕ್ಸ್‌ಪೋಷರ್ ಎಗರುವುದು ಇದಕ್ಕೇ. ನಿಮ್ಮ ಕತ್ತರಿ ಹುಟ್ಟುವುದೂ ಇಲ್ಲೇ. ಈ ನಿಯಮ ಗಾಜಿಗೆ ನೇರವಾಗಿ ಬರುವ ಕಿರಣದ ಮಾತು. 24 ಎಂಎಂನಲ್ಲಿ ಚಿತ್ರದ ಮೂಲೆಗೆ ಹೋಗುವ ಕಿರಣ ಗಾಜನ್ನು ಓರೆಯಾಗಿ ದಾಟುತ್ತದೆ. ಓರೆ ಕಿರಣದ ಕಣ್ಣಿಗೆ ಎರಡು ಪೋಲರೈಸರ್‌ಗಳ ನಡುವಿನ ಕೋನ ಬೇರೆಯಾಗಿ ಕಾಣುತ್ತದೆ. 45 ಡಿಗ್ರಿಯ ಆಸುಪಾಸಿನಲ್ಲಿ ಒಂದೆರಡು ಡಿಗ್ರಿ ವ್ಯತ್ಯಾಸವಾದರೆ ಗೊತ್ತೇ ಆಗುವುದಿಲ್ಲ. 84ರಲ್ಲಿ ಅಷ್ಟೇ ವ್ಯತ್ಯಾಸ ಒಂದು ಪೂರ್ತಿ ಸ್ಟಾಪಿಗೆ ಸಮ. ಒಂದು ಮೂಲೆಗೆ ಹೆಚ್ಚು ಬೆಳಕು, ಪಕ್ಕದ ಮೂಲೆಗೆ ಕಡಿಮೆ, ಅದೇ ಕತ್ತರಿ. 70 ಎಂಎಂನಲ್ಲಿ ಕಿರಣಗಳು ಹೆಚ್ಚುಕಡಿಮೆ ನೇರವಾಗಿಯೇ ಬರುವುದರಿಂದ ನೆರಳು ಕಾಣುವುದಿಲ್ಲ.

2ರಿಂದ 9 ಎಂದು ಬರೆದ ಫಿಲ್ಟರನ್ನು 24 ಎಂಎಂನಲ್ಲಿ 2ರಿಂದ 5ರದ್ದು ಎಂದೇ ತಿಳಿದು ಬಳಸಿ. ಉಂಗುರದ ಮೇಲಿನ ಗೆರೆಗಳನ್ನು ಸ್ಟಾಪ್ ಎಂದು ಓದಬೇಡಿ. ಸಮಾನ ಅಂತರದಲ್ಲಿ ಗೆರೆ ಹಾಕಿದ್ದರೆ ಅದು ಬರೀ ಅಂದಾಜಿನ ಗುರುತು, ಮೇಲಿನ ಲೆಕ್ಕವೇ ಅದಕ್ಕೆ ಸಾಕ್ಷಿ. ಜೀಬ್ರಾ (ಬೆಳಕು ಹೆಚ್ಚಾದ ಕಡೆ ಕ್ಯಾಮೆರಾ ಪರದೆಯಲ್ಲಿ ಮೂಡುವ ಪಟ್ಟೆಗಳು) ನೋಡಿ ಹೊಂದಿಸಿ.

ಡೊಂಬಿವಲಿ_ಫೋಕಸ್

ಮಾರಾಯ್ರೆ, ಮೊದಲು ಎಷ್ಟು ಸ್ಟಾಪ್ ಬೇಕಿತ್ತು ಅಂತ ಲೆಕ್ಕ ಹಾಕುವ. ಚುರುಕು ಬಿಸಿಲಿಗೆ ಹಳೆಯ ಸೂತ್ರ: ಎಫ್ 16ರಲ್ಲಿ ಶಟರ್ ಐಎಸ್‌ಒದಷ್ಟು. ಐಎಸ್‌ಒ 100ಕ್ಕೆ ಎಫ್ 16, 1/100. ಅಲ್ಲಿಂದ ಎಫ್ 4ಕ್ಕೆ ಬಂದರೆ 4 ಸ್ಟಾಪ್ ಬೆಳಕು ಹೆಚ್ಚು, ಅಂದರೆ 1/1600. ನಿಮಗೆ ಬೇಕಾದ್ದು 1/50. ನಡುವೆ 32 ಪಟ್ಟು, 5 ಸ್ಟಾಪ್. ಐಎಸ್‌ಒ 800ಕ್ಕೆ ಹೋದ ಕೂಡಲೇ ಇನ್ನೂ 3 ಸೇರಿ 8. ಮರಳಿನ ಪ್ರತಿಫಲನಕ್ಕೆ ಮತ್ತೊಂದು ಇಟ್ಟುಕೊಳ್ಳಿ, 9. ಫಿಲ್ಟರನ್ನು ಕೊನೆಯ ಗೆರೆಗೇ ತಂದದ್ದು ಐಎಸ್‌ಒ 800 ಕೇಳುವ ಲಾಗ್ ಪ್ರೊಫೈಲು.

ಅದೇ ಜಾಗದಲ್ಲಿ ಲಾಗ್ ಬಿಟ್ಟು ಐಎಸ್‌ಒ 100ರಲ್ಲಿ ತೆಗೆದರೆ 6 ಸ್ಟಾಪ್ ಸಾಕು. ಎಫ್ 5.6ಕ್ಕೆ ಮುಚ್ಚಿದರೆ 5. ಕತ್ತರಿ ತಾನಾಗಿ ಹೋಗ್ತದೆ.

ಲಾಗ್ ಬೇಕೇ ಬೇಕು ಅಂತಾದರೆ ಸ್ಥಿರ ಎನ್‌ಡಿ ಒಂದು ಜೊತೆಗೆ ಹಾಕಿ. ಲೆನ್ಸಿಗೆ ತಾಗಿ ಎನ್‌ಡಿ 8, ಅದು 3 ಸ್ಟಾಪ್. ಅದರ ಮೇಲೆ ವೇರಿಯಬಲ್. ಆಗ ವೇರಿಯಬಲ್ 2ರಿಂದ 5ರಲ್ಲಿ ಆಡಿದರೂ ಒಟ್ಟು 5ರಿಂದ 8 ಸಿಗ್ತದೆ. ಎಫ್ 5.6 ಮಾಡಿದರೆ ಪಾಲೋಲೆಂ ಮಧ್ಯಾಹ್ನಕ್ಕೂ ಸಾಕು. ಎರಡು ಫಿಲ್ಟರಿನ ದಪ್ಪಕ್ಕೆ 24ರಲ್ಲಿ ಮೂಲೆ ಕಪ್ಪಾಗುವ ಸಾಧ್ಯತೆ ಉಂಟು. 77ರಿಂದ 82ಕ್ಕೆ ಸ್ಟೆಪ್-ಅಪ್ ರಿಂಗ್ ಹಾಕಿ, ಎರಡನ್ನೂ 82ರಲ್ಲೇ ತೆಗೆದುಕೊಂಡರೆ ಆ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಮುಂದೆ 67ರ ಲೆನ್ಸ್ ಬಂದರೂ ಇನ್ನೊಂದು ರಿಂಗಿನಲ್ಲಿ ಮುಗೀತು.

ಕೋಥ್ರೂಡ್_ಬೆಳಕು

ಶಟರ್ 1/50 ಬಿಡಬೇಡಿ. 25 ಫ್ರೇಮಿಗೆ ಅದರ ಎರಡರಷ್ಟು ಶಟರ್ ಎನ್ನುವುದು ಚಲನೆಯ ಮಸುಕಿಗಾಗಿ ಇರುವ ನಿಯಮ. ನಮ್ಮಲ್ಲಿ ವಿದ್ಯುತ್ 50 ಹರ್ಟ್ಸ್ ಆದ್ದರಿಂದ ಅಂಗಡಿ, ಶ್ಯಾಕ್ (ಕಡಲತೀರದ ಗುಡಿಸಲು ಹೋಟೆಲ್), ಮದುವೆ ಹಾಲ್‌ಗಳ ಸಾಮಾನ್ಯ ದೀಪಗಳ ಮಿನುಗೂ 1/50 ಅಥವಾ 1/100ರಲ್ಲಿ ಅಡಗುತ್ತದೆ. 50 ಫ್ರೇಮ್ ತೆಗೆಯುವಾಗ 1/100. ಆಗ ಫಿಲ್ಟರಿನ ಮೇಲಿನ ಭಾರ ಒಂದು ಸ್ಟಾಪ್ ಕಡಿಮೆ.

ಕಂದುಗೆಂಪಿನ ವಿಷಯಕ್ಕೆ ಬಂದರೆ, ಪೋಲರೈಸರ್ ಹಾಳೆ ಕಣ್ಣಿಗೆ ಕಾಣುವ ಬೆಳಕನ್ನು ತಡೆಯುವಷ್ಟು ಚೆನ್ನಾಗಿ ಇನ್‌ಫ್ರಾರೆಡ್ ತಡೆಯುವುದಿಲ್ಲ. ಸೆನ್ಸರಿನ ಮುಂದೆ ಇನ್‌ಫ್ರಾರೆಡ್ ತಡೆಯುವ ಗಾಜು ಇದ್ದೇ ಇರುತ್ತದೆ, ಆದರೂ ಸ್ವಲ್ಪ ನುಸುಳುತ್ತದೆ. 2 ಸ್ಟಾಪಿನಲ್ಲಿ ಆ ಸ್ವಲ್ಪ ಲೆಕ್ಕಕ್ಕಿಲ್ಲ. ಕಾಣುವ ಬೆಳಕನ್ನು 8-9 ಸ್ಟಾಪ್ ಇಳಿಸಿದಾಗ ನುಸುಳಿದ್ದರ ಪಾಲು ದೊಡ್ಡದಾಗಿಬಿಡುತ್ತದೆ. ಸಿಂಥೆಟಿಕ್ ಕಪ್ಪು ಬಟ್ಟೆ ಇನ್‌ಫ್ರಾರೆಡ್ಡನ್ನು ಚೆನ್ನಾಗಿ ಪ್ರತಿಫಲಿಸುತ್ತದೆ, ಅದಕ್ಕೇ ಮೊದಲು ಅದೇ ಕೆಂಪಾಗುವುದು. ಇದನ್ನು ವೈಟ್ ಬ್ಯಾಲೆನ್ಸಿನಿಂದ ಸರಿಪಡಿಸಲು ಹೋಗಬೇಡಿ. ಕಪ್ಪು ಸರಿಹೋಗುವಷ್ಟರಲ್ಲಿ ಮುಖದ ಬಣ್ಣ ಹಸಿರಿಗೆ ತಿರುಗುತ್ತದೆ. ಜೊತೆಗೆ ಹಾಕುವ ಸ್ಥಿರ ಎನ್‌ಡಿಯನ್ನು ಇನ್‌ಫ್ರಾರೆಡ್ ತಡೆಯುವ ಬಗೆಯದೇ ಕೊಳ್ಳಿ.

ಇನ್ನೊಂದು ಬಣ್ಣದ ದೋಷ ಇಡೀ ಚಿತ್ರಕ್ಕೆ ಬರುವ ಹಳದಿ ಅಥವಾ ನೀಲಿ ಛಾಯೆ. ಅದು ಸರಿಪಡಿಸಬಹುದಾದದ್ದು, ಆದರೆ ಉಂಗುರದ ಪ್ರತಿ ಸ್ಥಾನಕ್ಕೂ ಬೇರೆ ಬೇರೆ. ಉಂಗುರ ಹೊಂದಿಸಿ, ಆಮೇಲೆ ಬೂದು ಕಾರ್ಡ್ ಹಿಡಿದು ಕಸ್ಟಮ್ ವೈಟ್ ಬ್ಯಾಲೆನ್ಸ್ ತೆಗೆದುಕೊಳ್ಳಿ. ಉಂಗುರ ಹೆಚ್ಚು ತಿರುಗಿಸಿದರೆ ಮತ್ತೊಮ್ಮೆ. ಆಟೋ ಬೇಡವೇ ಬೇಡ, ಒಂದೇ ಶಾಟಿನಲ್ಲಿ ಬಣ್ಣ ಓಲಾಡುತ್ತದೆ.

ಪಣಜಿ_ನೆರಳು

ಕತ್ತರಿ ಬೇರೆ, ಆಕಾಶದಲ್ಲಿ ಬರುವ ಕಪ್ಪು ಪಟ್ಟಿ ಬೇರೆ. ಎರಡನ್ನೂ ಒಂದೇ ಎಂದುಕೊಂಡರೆ ಪರಿಹಾರ ಸಿಗುವುದಿಲ್ಲ. ಮೋಡವಿಲ್ಲದ ನೀಲಿ ಆಕಾಶದ ಬೆಳಕು ತಾನೇ ಪೋಲರೈಸ್ ಆಗಿರುತ್ತದೆ, ಸೂರ್ಯನಿಂದ 90 ಡಿಗ್ರಿ ದೂರದಲ್ಲಿ ಅತಿ ಹೆಚ್ಚು. ವೇರಿಯಬಲ್ ಎನ್‌ಡಿಯ ಮುಂದಿನ ಗಾಜು ಆ ಬೆಳಕಿಗೂ ಪೋಲರೈಸರ್ ಆಗಿಯೇ ವರ್ತಿಸುತ್ತದೆ. ಅದಕ್ಕೆ ಆಕಾಶ, ನೀರು, ಎಲೆ ಎಂಬ ಭೇದವಿಲ್ಲ.

ಉದಾಹರಣೆಗೆ ಮುಂಬಯಿಯ ಬಾಂದ್ರಾ ಕೋಟೆಯಿಂದ ಸಂಜೆ ಸೀ ಲಿಂಕ್ ತೆಗೆಯುವುದು. ಸೂರ್ಯ ಪಶ್ಚಿಮದ ಸಮುದ್ರದ ಮೇಲೆ, ಸೇತುವೆ ದಕ್ಷಿಣಕ್ಕೆ ವರಳಿಯತ್ತ. ನೀವು ನೋಡುವ ದಿಕ್ಕು ಸೂರ್ಯನಿಗೆ ಹೆಚ್ಚುಕಡಿಮೆ ಲಂಬ. 16 ಅಥವಾ 24 ಎಂಎಂ ಹಾಕಿದರೆ ಆಕಾಶದ ಒಂದು ಭಾಗ ಕಡುನೀಲಿ, ಪಕ್ಕದ್ದು ತೆಳು. ಇದು 2 ಸ್ಟಾಪಿನಲ್ಲೂ ಬರುತ್ತದೆ, ಯಾವ ದುಬಾರಿ ಫಿಲ್ಟರಿನಲ್ಲೂ ಬರುತ್ತದೆ. ಅಲ್ಲಿ ಸ್ಥಿರ ಎನ್‌ಡಿಯೇ ಸರಿ. ಮೋಡ ತುಂಬಿದ ದಿನ ಈ ತೊಂದರೆ ಇಲ್ಲ. ಸೂರ್ಯನತ್ತಲೇ ನೇರ ತಿರುಗಿ ನಿಂತರೂ ಬಹಳ ಕಡಿಮೆ.

ಗಿಂಬಲ್ (ಕ್ಯಾಮೆರಾ ಅಲುಗದಂತೆ ಹಿಡಿಯುವ ಮೋಟರ್ ಹಿಡಿಕೆ) ಹಿಡಿದು ಪ್ಯಾನ್ ಮಾಡುವಾಗ ಆಕಾಶ ಕಪ್ಪಾಗಿ ಮತ್ತೆ ಬೆಳಗುವುದಕ್ಕೂ ಇದೇ ಕಾರಣ. ಎಕ್ಸ್‌ಪೋಷರ್ ಲಾಕ್ ಮಾಡಿದರೂ ನಿಲ್ಲುವುದಿಲ್ಲ.

ನೀರಿನ ಮೇಲೂ ಅಷ್ಟೇ. ಮಾಂಡೋವಿ ನದಿಯ ಮೇಲೆ ಸಂಜೆಯ ಕೆಂಪು ಹೊಳಪೇ ಚಿತ್ರದ ಜೀವ ಎಂದಾದರೆ, ಉಂಗುರದ ಒಂದು ಸ್ಥಾನದಲ್ಲಿ ಆ ಹೊಳಪು ಅರ್ಧಕ್ಕರ್ಧ ಅಳಿಸಿಹೋಗುತ್ತದೆ. ಒಂದೇ ಉಂಗುರ ಕತ್ತಲನ್ನೂ ಹೊಳಪನ್ನೂ ಒಟ್ಟಿಗೆ ಎಳೆಯುವುದರಿಂದ ಎರಡನ್ನೂ ಬೇಕಾದ ಹಾಗೆ ಇಡಲು ಬರುವುದಿಲ್ಲ. ಹೊಳಪು ಸರಿ ಕಾಣುವಲ್ಲಿ ಉಂಗುರ ನಿಲ್ಲಿಸಿ, ಉಳಿದ ಎಕ್ಸ್‌ಪೋಷರನ್ನು ಅಪರ್ಚರ್ ಮತ್ತು ಐಎಸ್‌ಒದಿಂದ ಸರಿದೂಗಿಸಿ. ಪೋಲರೈಸರಿಗೆ ಒಂದು ಉಂಗುರ, ಕತ್ತಲಿಗೆ ಇನ್ನೊಂದು ಎಂದು ಎರಡು ಹಿಡಿತ ಇರುವ ಫಿಲ್ಟರ್‌ಗಳೂ ಬರುತ್ತವೆ. ನೀರಿನ ಕೆಲಸ ಹೆಚ್ಚಿದ್ದವರಿಗೆ ಅವೇ ಒಳ್ಳೆಯದು.

ಡೊಂಬಿವಲಿ_ಫೋಕಸ್

ಇದಕ್ಕೆ ಸೇರಿಸುವುದು: ಫೋನ್, ಲ್ಯಾಪ್‌ಟಾಪ್, ಕಾರಿನ ಡ್ಯಾಶ್‌ಬೋರ್ಡ್ ಪರದೆಗಳಿಂದ ಬರುವ ಬೆಳಕೂ ಪೋಲರೈಸ್ ಆದದ್ದೇ. ಪಾತ್ರಧಾರಿ ಕೈಯಲ್ಲಿ ಫೋನ್ ಹಿಡಿದ ಶಾಟಿನಲ್ಲಿ ಪರದೆ ಒಮ್ಮೆಲೇ ಕಪ್ಪಾದರೆ ಗಾಬರಿ ಬೇಡ, ಫೋನನ್ನು ಅಡ್ಡ ತಿರುಗಿಸಿ ನೋಡಿ. ರೈಲ್ವೆ ಪ್ಲಾಟ್‌ಫಾರ್ಮಿನ ಎಲ್‌ಇಡಿ ಸೂಚನಾಫಲಕಕ್ಕೆ ಹೀಗಾಗುವುದಿಲ್ಲ.

ಚಿಂಚವಾಡ_25

ಎಲ್ಲರಿಗೂ ಧನ್ಯವಾದ. ಮದುವೆಯ ಹೊರಾಂಗಣ ಶಾಟ್‌ಗಳಲ್ಲಿ ಮುಖ ಸಪ್ಪೆಯಾಗಿ ಕಾಣುವುದಕ್ಕೂ ಇದೇ ಕಾರಣವೇ? ಜಲಪಾತದ ಪ್ರಶ್ನೆ ಹಾಗೇ ಉಳಿದಿದೆ.

ಕೋಥ್ರೂಡ್_ಬೆಳಕು

ಹೌದು. ಚರ್ಮದ ಮೇಲಿನ ಹೊಳಪಿನಲ್ಲಿ ಒಂದು ಪಾಲು ಪೋಲರೈಸ್ ಆದ ಪ್ರತಿಫಲನ. ಉಂಗುರದ ಕೆಲವು ಸ್ಥಾನಗಳಲ್ಲಿ ಅದು ಹೊರಟುಹೋಗಿ ಮುಖ ಮಟ್ಟಸವಾಗುತ್ತದೆ. ರೇಷ್ಮೆ ಸೀರೆಯ ಮಿರುಗಿಗೂ ಇದೇ ಗತಿ. ಬೆವರಿನ ಹಣೆಗೆ ಅನುಕೂಲ, ಸೀರೆಗೆ ನಷ್ಟ. ಉಂಗುರ ತಿರುಗಿಸುವಾಗ ಹಿಸ್ಟೋಗ್ರಾಮಿನ ಮೇಲಷ್ಟೇ ಕಣ್ಣಿಡದೆ ಕೆನ್ನೆಯನ್ನೂ ನೋಡಿ. ಕ್ಯಾಮೆರಾವನ್ನು ಅಡ್ಡದಿಂದ ಉದ್ದಕ್ಕೆ ತಿರುಗಿಸಿದರೆ ಪೋಲರೈಸರೂ 90 ಡಿಗ್ರಿ ತಿರುಗಿದಂತೆ, ಮುಖದ ಹೊಳಪು ಮತ್ತೆ ಬದಲು.

ಮಾಟುಂಗಾ_ಗಾಜು

ಜಲಪಾತ. ಮೋಡ ಕವಿದ ಮಳೆಗಾಲದಲ್ಲಿ ಲೋಣಾವಳ, ತಾಮ್ಹಿಣಿ ಘಾಟ್, ದೂಧಸಾಗರದಂಥ ಕಡೆ ಐಎಸ್‌ಒ 100, ಎಫ್ 11ಕ್ಕೆ 1/60 ಸಿಕ್ಕಿತು ಎಂದಿಟ್ಟುಕೊಳ್ಳಿ. 5 ಸ್ಟಾಪ್ ಇಳಿಸಿದರೆ ಅರ್ಧ ಸೆಕೆಂಡ್. ಧುಮ್ಮಿಕ್ಕುವ ನೀರಿಗೆ 1/4ರಿಂದ 1 ಸೆಕೆಂಡ್ ಸಾಕು, ಎಳೆ ಎಳೆಯಾಗಿ ಕಾಣುತ್ತದೆ. ಅದಕ್ಕಿಂತ ಉದ್ದ ಹೋದರೆ ಬಿಳಿ ಬಟ್ಟೆ ಹರವಿದಂತೆ ಆಕಾರವೇ ಹೋಗುತ್ತದೆ. ಆದ್ದರಿಂದ ಜಲಪಾತಕ್ಕೆ ನಿಮ್ಮ ಫಿಲ್ಟರಿನ ಸುರಕ್ಷಿತ ವ್ಯಾಪ್ತಿಯೇ ಸಾಲುತ್ತದೆ. ಒದ್ದೆ ಬಂಡೆ, ಎಲೆಗಳ ಬಿಳಿ ಹೊಳಪು ತಗ್ಗಿ ಹಸಿರು ಕಾಣುವುದರಿಂದ ಇಲ್ಲಿ ಪೋಲರೈಸರ್ ಗುಣ ಲಾಭವೇ.

ಸಮುದ್ರಕ್ಕೆ ಈ ಮಾತು ಸಲ್ಲುವುದಿಲ್ಲ. ವಾಗಾತೋರ್ ಬಂಡೆಗಳ ಸುತ್ತ ನೀರು ಮಂಜಿನಂತೆ ಬರಬೇಕಾದರೆ 20-30 ಸೆಕೆಂಡ್ ಬೇಕು. ಸೂರ್ಯ ಮುಳುಗಿದ ಮೇಲೆ 1/30 ಸಿಗುತ್ತಿದ್ದರೆ 10 ಸ್ಟಾಪಿನ ಸ್ಥಿರ ಎನ್‌ಡಿ, ಅಂದರೆ ಎನ್‌ಡಿ 1000, ಅದನ್ನು ಸುಮಾರು 34 ಸೆಕೆಂಡಿಗೆ ಒಯ್ಯುತ್ತದೆ. ಅಗಲದ ಲೆನ್ಸ್, ತೆರೆದ ಆಕಾಶ, 10 ಸ್ಟಾಪ್: ವೇರಿಯಬಲ್ ಎನ್‌ಡಿಯ ಮೂರೂ ದೌರ್ಬಲ್ಯ ಒಂದೇ ಚಿತ್ರದಲ್ಲಿ ಕೂಡಿ ಬರುತ್ತವೆ. ಅಲ್ಲಿ ಅದನ್ನು ಚೀಲದಿಂದ ಹೊರಗೆ ತೆಗೆಯಲೇಬಾರದು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಕ್ರಮ ಹೀಗಿರಲಿ. ಫಿಲ್ಟರ್ ಇಲ್ಲದೆ ಫ್ರೇಮ್ ಕಟ್ಟಿ, ಆಟೋಫೋಕಸ್ ಮಾಡಿ, ಮ್ಯಾನ್ಯುಯಲ್ಲಿಗೆ ಹಾಕಿ, ಶಟರ್ ಗುರುತು ಮಾಡಿಕೊಳ್ಳಿ. ಫಿಲ್ಟರ್ ತಿರುಗಿಸಿ ಕೂರಿಸುವಾಗ ಫೋಕಸ್ ಉಂಗುರಕ್ಕೆ ಕೈ ತಾಗಬಾರದು. ಮೊದಲೇ ಹಾಕಿಬಿಟ್ಟರೆ 8-9 ಸ್ಟಾಪಿನ ಕತ್ತಲಲ್ಲಿ ಆಟೋಫೋಕಸ್ ತಡಕಾಡುತ್ತದೆ. 30 ಸೆಕೆಂಡ್ ದಾಟುವುದಾದರೆ ಬಲ್ಬ್ ಮೋಡ್, ಕೇಬಲ್ ರಿಲೀಸ್. ಡಿಎಸ್‌ಎಲ್‌ಆರ್ ಆಗಿದ್ದರೆ ವ್ಯೂಫೈಂಡರ್ ಮುಚ್ಚಿ, ಹಿಂದಿನಿಂದ ನುಗ್ಗುವ ಬೆಳಕು ಮೀಟರನ್ನು ದಾರಿ ತಪ್ಪಿಸುತ್ತದೆ.

ವಾಸ್ಕೋ_ಅಲೆ

ಉಪ್ಪಿನ ಮಾತು ಯಾರೂ ಎತ್ತಲಿಲ್ಲ ನೋಡ್ರಿ. ಗೋವಾದಾಗ ಫಿಲ್ಟರ್ ಹಾಳಾಗೂದು ಉಪ್ಪು ಮತ್ತ ಉಸುಕಿನಿಂದನ. ಸಮುದ್ರದ ತುಂತುರು ಗಾಜಿನ ಮ್ಯಾಲೆ ಒಣಗಿದ್ರ ಉಪ್ಪಿನ ಹರಳು ಉಳೀತಾವು. ಒಣ ಬಟ್ಟಿಲೆ ತಿಕ್ಕಿದ್ರ ಕೋಟಿಂಗಿಗೆ ಗೀರು ಗ್ಯಾರಂಟಿ. ಮೊದಲ ಬ್ಲೋವರ್ ಹೊಡೀರಿ, ಆಮ್ಯಾಲೆ ಮೆತ್ತನ ಬ್ರಶ್. ಮೈಕ್ರೋಫೈಬರ್ ಬಟ್ಟಿಗೆ ಡಿಸ್ಟಿಲ್ಡ್ ನೀರು ಹಚ್ಚಿ ಹಗುರಕ ಒರಸ್ರಿ. ಉಪ್ಪು ನೀರಿನಾಗ ಕರಗ್ತದ, ಆಲ್ಕೋಹಾಲಿನಾಗ ಹಂಗ ಕರಗೂದಿಲ್ಲ, ಅದಕ್ಕ ಲೆನ್ಸ್ ಕ್ಲೀನರ್ ಕೊನೀಗೆ. ಹನಿ ನೇರ ಗಾಜಿನ ಮ್ಯಾಲೆ ಬಿಡಬ್ಯಾಡ್ರಿ. ಎರಡು ಗಾಜಿನ ನಡುವಿನ ಸಂದಿಗೆ ನೀರು ಇಳಿದ್ರ ಒಳಗಿನ ಹಾಳೀ ಅಂಚು ಬಿಟ್ಕೊಳ್ತದ, ಆಮ್ಯಾಲೆ ಏನ್ ಮಾಡಿದ್ರೂ ಕೂಡೂದಿಲ್ಲ.

ಉಂಗುರ ಕರಕರ ಅಂತಿದ್ರ ಒಳಗ ಉಸುಕು ಹೊಕ್ಕದ ಅಂತ ತಿಳ್ಕೊರ್ರಿ. ಎಣ್ಣಿ, ಗ್ರೀಸ್ ಬ್ಯಾಡ, ಬಿಸಿಲಿಗೆ ಅದು ಹರಿದು ಗಾಜಿಗೆ ಬರ್ತದ. ಫಿಲ್ಟರ್ ಬೋರಲ ಹಿಡದು ಬ್ಲೋವರ್ ಹೊಡಕೋತ ಉಂಗುರ ಸಾವಕಾಶ ತಿರುಗಸ್ರಿ. ಕಾರಿನ ಡ್ಯಾಶ್‌ಬೋರ್ಡ್ ಮ್ಯಾಲೆ ಇಡಬ್ಯಾಡ್ರಿ. ಪೋಲರೈಸರ್ ಹಾಳಿಗೆ, ಅದರ ಅಂಟಿಗೆ ಬಿಸಿ ಆಗಿಬರೂದಿಲ್ಲ.

ಲೆನ್ಸಿಗೆ ಫಿಲ್ಟರ್ ಕಚ್ಚಿಕೊಂಡ್ರ? ವೇರಿಯಬಲ್ಲಿನಾಗ ಮುಂದಿನ ಉಂಗುರ ಹಿಡದ್ರ ಅದೊಂದ ತಿರುಗ್ತದ, ತ್ರೆಡ್ ಸಡ್ಲಾಗೂದಿಲ್ಲ. ಎರಡೂ ಉಂಗುರಕ್ಕ ಕೂಡಿಸಿ ಅಗಲ ರಬ್ಬರ್ ಬ್ಯಾಂಡ್ ಸುತ್ರಿ, ಹಗುರಕ ಹಿಡದು ತಿರುಗಸ್ರಿ. ಜೋರಾಗಿ ಒತ್ತಿ ಹಿಡದ್ರ ಅಲ್ಯೂಮಿನಿಯಂ ಉಂಗುರ ಮೊಟ್ಟಿ ಆಕಾರ ಆಗಿ ಇನ್ನಷ್ಟು ಬಿಗೀತದ. ಹಿತ್ತಾಳಿ ಉಂಗುರದ್ದು ಕಚ್ಚೂದು ಕಡಿಮಿ, ತೂಕ ಜಾಸ್ತಿ.

ಮಾಟುಂಗಾ_ಗಾಜು

ವಾಸ್ಕೋದವರು ಹೇಳಿದ್ದರ ಜೊತೆಗೆ ಮುಂಬಯಿ ಮಳೆಗಾಲದ ಎಚ್ಚರ: ತೊಗಲಿನ ಚೀಲದಲ್ಲಿ ಇಟ್ಟರೆ ಫಂಗಸ್. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ತೇವಾಂಶ ಶೇಕಡಾ 40ರಿಂದ 50. ಎಸಿ ಕಾರಿನಿಂದ ಇಳಿದ ಕೂಡಲೇ ಗಾಜು ಮಂಜಾಗುತ್ತದೆ. ಇಳಿಯುವ ಮೊದಲು ಮುಚ್ಚಿದ ಚೀಲದಲ್ಲೇ ಇಟ್ಟು, ಹೊರಗಿನ ಬಿಸಿಗೆ ಹೊಂದಿಕೊಂಡ ಮೇಲೆ ಚೀಲ ತೆರೆಯಿರಿ.

ಚಿಂಚವಾಡ_25

82 ಎಂಎಂನಲ್ಲಿ ಹೊಸದು ಕೊಳ್ಳುವುದೆಂದು ತೀರ್ಮಾನ. ಮುಂಬಯಿ ಫೋರ್ಟಿನ ಬೋರಾ ಬಜಾರಿನಲ್ಲಿ ಕೈಯಲ್ಲಿ ಹಿಡಿದು ನೋಡಿಯೇ ಕೊಳ್ಳುವ ವಿಚಾರ. ಅಂಗಡಿಯಲ್ಲಿ ಏನೇನು ಪರೀಕ್ಷಿಸಬೇಕು?

ಪಣಜಿ_ನೆರಳು

ಕ್ಯಾಮೆರಾ, ಸ್ಟೆಪ್-ಅಪ್ ರಿಂಗ್ ಎರಡನ್ನೂ ಒಯ್ಯಿರಿ. 2ರಿಂದ 5 ಸ್ಟಾಪಿನದು, ಎರಡೂ ತುದಿಯಲ್ಲಿ ಉಂಗುರ ನಿಲ್ಲುವ ತಡೆ ಇರುವಂಥದ್ದು ಕೇಳಿ. ತಡೆ ಇದ್ದರೆ ಕತ್ತರಿಯ ವಲಯಕ್ಕೆ ತಿಳಿಯದೆ ಜಾರುವ ಭಯವಿಲ್ಲ.

24 ಎಂಎಂನಲ್ಲಿ ಒಂದೇ ಸಮನಾಗಿ ಬೆಳಗಿದ ಬಿಳಿ ಗೋಡೆ ತುಂಬಿಸಿ, ಫೋಕಸ್ ಬಿಡಿಸಿ, ಉಂಗುರದ ಪ್ರತಿ ಗೆರೆಗೂ ಒಂದೊಂದು ಚಿತ್ರ ತೆಗೆಯಿರಿ. ಪರದೆಯಲ್ಲಿ ಕಾಂಟ್ರಾಸ್ಟ್ ಏರಿಸಿ ನೋಡಿದರೆ ಅಸಮ ಎಲ್ಲಿಂದ ಶುರು ಎಂದು ತಿಳಿಯುತ್ತದೆ. ಲ್ಯಾಪ್‌ಟಾಪ್ ಪರದೆಯನ್ನು ಗೋಡೆಯ ಬದಲು ಬಳಸಬೇಡಿ, ಅದರ ಬೆಳಕೇ ಪೋಲರೈಸ್ ಆದದ್ದು, ಉತ್ತರ ತಪ್ಪಾಗುತ್ತದೆ. ನಂತರ 105 ಎಂಎಂಗೆ ಹೋಗಿ, ಎದುರಿನ ಕಟ್ಟಡದ ಬೋರ್ಡಿನ ಅಕ್ಷರಗಳನ್ನು ಫಿಲ್ಟರ್ ಹಾಕಿ ಒಂದು, ತೆಗೆದು ಒಂದು. ಎರಡು ಗಾಜು, ನಡುವೆ ಅಂಟಿಸಿದ ಹಾಳೆ, ಇಷ್ಟೂ ಮಟ್ಟಸವಾಗಿಲ್ಲದಿದ್ದರೆ ಮೊದಲು ಗೊತ್ತಾಗುವುದು ಉದ್ದದ ಲೆನ್ಸಿನಲ್ಲಿ. 200 ಎಂಎಂ ಬಳಸುವ ಯೋಚನೆ ಇದ್ದರೆ ಆ ಲೆನ್ಸನ್ನೂ ಒಯ್ಯಿರಿ.

ಡಿಎಸ್‌ಎಲ್‌ಆರ್ ಇರುವವರಿಗೆ ಮಾತ್ರ ಇನ್ನೊಂದು. ಕನಿಷ್ಠ ಸ್ಥಾನದಲ್ಲಿಟ್ಟು, ತ್ರೆಡ್ ಇರುವ ಬದಿಯನ್ನು ಕನ್ನಡಿಗೆ ಒತ್ತಿ ಹಿಡಿದು ಮುಂದಿನಿಂದ ನೋಡಿ. ಕಪ್ಪಾಗಿ ಕಂಡರೆ ಹಿಂದೆ ಕ್ವಾರ್ಟರ್ ವೇವ್ ಪದರ (ಪೋಲರೈಸ್ ಆದ ಬೆಳಕನ್ನು ವೃತ್ತಾಕಾರದ್ದಾಗಿ ಮಾರ್ಪಡಿಸುವ ಹಾಳೆ) ಇದೆ, ಮೀಟರ್ ಮತ್ತು ಆಟೋಫೋಕಸ್ ಸರಿ ಇರುತ್ತವೆ. ತೆಳ್ಳಗೆ ಪಾರದರ್ಶಕವಾಗಿ ಕಂಡರೆ ಅದು ಬರೀ ಲೀನಿಯರ್, ಬಿಡಿ. ಮಿರರ್‌ಲೆಸ್‌ಗೆ ಇದು ಅಷ್ಟು ಮುಖ್ಯವಲ್ಲ.

ಉಂಗುರ ಅಳ್ಳಕವಾಗಿದ್ದರೆ ಬೇಡ. ಗಿಂಬಲ್ ಅಲುಗಾಟಕ್ಕೇ ಜಾರುತ್ತದೆ.

ಕೋಥ್ರೂಡ್_ಬೆಳಕು

ಗಿಂಬಲ್ ಹೆಸರು ಬಂತು, ಅದಕ್ಕೇ: ರಿಂಗ್, ಫಿಲ್ಟರ್ ಎಲ್ಲಾ ಹಾಕಿದ ಮೇಲೆಯೇ ಬ್ಯಾಲೆನ್ಸ್ ಮಾಡಿ. ತೂಕ ಲೆನ್ಸಿನ ತುದಿಗೆ ಬೀಳುವುದರಿಂದ ಕ್ಯಾಮೆರಾ ಪ್ಲೇಟನ್ನು ಸ್ವಲ್ಪ ಹಿಂದಕ್ಕೆ ಸರಿಸಬೇಕಾಗುತ್ತದೆ. ಹಾಗೆಯೇ ಬಿಟ್ಟರೆ ಟಿಲ್ಟ್ ಮೋಟರ್ ಬಿಸಿಯಾಗಿ ಗುಂಯ್‌ಗುಡುತ್ತದೆ. 82ರ ಫಿಲ್ಟರ್ ಹಾಕಿದ ಮೇಲೆ 77ರ ಲೆನ್ಸ್ ಹುಡ್ ಕೂರುವುದಿಲ್ಲ. ಪಕ್ಕದಿಂದ ಸೂರ್ಯ ನೇರವಾಗಿ ಗಾಜಿಗೆ ಹೊಡೆದರೆ ಎರಡು ಗಾಜುಗಳ ನಡುವೆ ಪ್ರತಿಫಲಿಸಿ ಚಿತ್ರ ಮಾಸುತ್ತದೆ, ಜೊತೆಯಲ್ಲಿರುವವರು ಒಂದು ಕಪ್ಪು ರಟ್ಟು ಹಿಡಿದು ನೆರಳು ಮಾಡಲಿ. ಕೆಲವು ಫಿಲ್ಟರುಗಳ ಮುಂದಿನ ಉಂಗುರ ಹಿಂದಿನದಕ್ಕಿಂತ ಅಗಲ, 82ರ ಮುಚ್ಚಳ ಅದಕ್ಕೆ ಹಿಡಿಯುವುದಿಲ್ಲ. ಫಿಲ್ಟರಿನ ಜೊತೆ ಅದರದ್ದೇ ಮುಚ್ಚಳ ಕೇಳಿ ತೆಗೆದುಕೊಳ್ಳಿ.